ಮಕ್ಕಳಿಗೆ ಬೈಬಲ್ ವಚನ ಕಲಿಸ್ತೀರಾ? ಮೊದಲು ನೀವು ಒಪ್ಪಿಸಿ

ಕ್ರಿಸ್‌ಮಸ್ ಬಂತೆಂದರೆ ಕಾರವಾರದ ನಮ್ಮಂಥ ಮನೆಗಳಲ್ಲಿ ಒಂದು ದೃಶ್ಯ ಗ್ಯಾರಂಟಿ. ನೆಂಟರ ಮುಂದೆ ನೆವ್ರಿ, ದೋದೋಲ್ ತಟ್ಟೆ. ಪಕ್ಕದ ಕುರ್ಚಿ ಮೇಲೆ ನಿಲ್ಲಿಸಿದ ಐದು ವರ್ಷದ ಮಗು. "ಇಪ್ಪತ್ಮೂರನೇ ಕೀರ್ತನೆ ಹೇಳು ಪುಟ್ಟಾ." ಮಗು ಫ್ರಾಕಿನ ತುದಿ ಕಚ್ಚುತ್ತದೆ. "ನಿನ್ನೆ ಹೇಳಿದ್ದೆ ಅಲ್ವಾ?" ಎಂದು ಅಪ್ಪ ಹಲ್ಲು ಕಡಿಯುತ್ತಾನೆ.

ಆ ಅಪ್ಪ ನಾನೂ ಆಗಿದ್ದೆ. ಚರ್ಚಿನ ಸಂಡೇ ಸ್ಕೂಲಿನಲ್ಲಿ ಚಿಕ್ಕವರ ಕ್ಲಾಸು ನೋಡಿಕೊಳ್ಳಲು ಶುರು ಮಾಡಿದ ಮೇಲೆ ಗೊತ್ತಾಯಿತು, ಎಡವಟ್ಟು ಆಗುವುದು ಮಕ್ಕಳಿಂದಲ್ಲ.

ಮೊದಲು ವಚನ ಆರಿಸಿ. ಚಿಕ್ಕದಿರಲಿ. "ಯೇಸು ಕಣ್ಣೀರು ಬಿಟ್ಟನು" (ಯೋಹಾನ 11:35). ಮೂರೇ ಮಾತಾದರೂ ಹಿಂದೆ ದೊಡ್ಡ ಕಥೆಯಿದೆ. 136ನೇ ಕೀರ್ತನೆಯಂತೂ ಮಕ್ಕಳಿಗೆಂದೇ ಬರೆದ ಹಾಗಿದೆ. ಅದರ 26 ವಚನಗಳ ಕೊನೆಗೂ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಮೊದಲ ಅರ್ಧ ನೀವು ಓದಿ, ಬಾಲವನ್ನು ಮಗು ಹೇಳಲಿ. 119ರ ಹತ್ತಿರ ಮಾತ್ರ ಸುಳಿಯಬೇಡಿ. ಅದು 176 ವಚನದ್ದು. ಮೂಲದ ಹೀಬ್ರೂವಿನಲ್ಲಿ 22 ಅಕ್ಷರಗಳಲ್ಲಿ ಒಂದೊಂದರಿಂದ ಎಂಟೆಂಟು ವಚನ ಶುರುವಾಗುವುದರಿಂದ ನೆನಪಿಡಲು ಒಂದು ಕೊಕ್ಕೆ ಸಿಗುತ್ತದೆ. ಕನ್ನಡಕ್ಕೆ ಬರುವಾಗ ಆ ಕೊಕ್ಕೆ ಕಳಚಿಹೋಗಿದೆ.

ಆಮೇಲೆ ಭಾಷೆ. ಇಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಟಿವಿಯಲ್ಲಿ ಇಂಗ್ಲಿಷ್. ಮಗು ಯಾವ ಭಾಷೆಯಲ್ಲಿ ಜಗಳ ಆಡುತ್ತದೋ ಅದರಲ್ಲೇ ಕಲಿಸಿ. ಕನ್ನಡವಾದರೆ ಹಳೆಯ ಸತ್ಯವೇದದ (ಕನ್ನಡ ಬೈಬಲ್‌ನ) ಮಾತಿನಲ್ಲಿ ಸ್ವಲ್ಪ ಹುಷಾರು. "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಎಂದು ಹೇಳಿಕೊಟ್ಟಾಗ ನನ್ನ ಮಗಳು ಕೇಳಿದಳು, "ಪಪ್ಪಾ, ಕುರುಬ ಇದ್ದರೂ ಕೊರತೆ ಯಾಕೆ ಪಡೀತಾನೆ?" ಮೂವತ್ತು ವರ್ಷದಿಂದ ಒಪ್ಪಿಸುತ್ತ ಬಂದ ವಚನ. ತಕ್ಷಣ ಉತ್ತರ ಹೊಳೆಯಲಿಲ್ಲ. ಏನೋ ಹೇಳಿ ದಾಟಿಸಬಹುದಿತ್ತು. "ನಂಗೂ ಗೊತ್ತಿಲ್ಲ, ಕೇಳಿ ಹೇಳ್ತೇನೆ" ಎಂದೆ. ಪಕ್ಕದ ಓಣಿಯ ನಿವೃತ್ತ ಕನ್ನಡ ಮಾಸ್ತರರು ಬಿಡಿಸಿ ಹೇಳಿದರು. ಅರಿಯೆನು ಎಂದರೆ ಅರಿಯುವುದಿಲ್ಲ ಅಲ್ವಾ, ಹಾಗೆಯೇ ಪಡೆನು ಎಂದರೆ ಪಡುವುದಿಲ್ಲ. ನೀವೂ ಕಲಿಸುವ ಮೊದಲು ಒಂದೊಂದೇ ಪದ ಹಿಡಿದು ಅರ್ಥ ನೋಡಿಕೊಳ್ಳಿ.

ಬಾಯಿಪಾಠ ಸುಲಭ. ಕೊನೆಯಿಂದ ಶುರು ಮಾಡಿ. ಮೊದಲು "ಕೊರತೆಪಡೆನು", ಆಮೇಲೆ "ಕುರುಬನು, ಕೊರತೆಪಡೆನು", ಕೊನೆಗೆ ಪೂರ್ತಿ. ದಿನಕ್ಕೆ ಎರಡು ನಿಮಿಷ, ವಾರಕ್ಕೆ ಒಂದೇ ವಚನ. ಕೂರಿಸಿಯೇ ಕಲಿಸಬೇಕೆಂದಿಲ್ಲ. ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಎನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡ 6:7. ನಮ್ಮೂರ ಟ್ಯಾಗೋರ್ ಕಡಲತೀರದಲ್ಲಿ ನಡೆಯುತ್ತ ಹೇಳಿಕೊಡಿ. ಯೇಸು ಬಿರುಗಾಳಿ ನಿಲ್ಲಿಸಿದ ಕಥೆಗೆ ಅಲ್ಲಿಗಿಂತ ಒಳ್ಳೆಯ ಜಾಗ ಬೇಕೇ? ಆದರೆ ಅದಕ್ಕಿಂತ ಒಂದು ವಚನ ಹಿಂದೆ, 6:6ರಲ್ಲಿ, ಈ ಮಾತುಗಳು ಮೊದಲು ನಿನ್ನ ಹೃದಯದಲ್ಲಿರಲಿ ಎಂದಿದೆ. ಅದನ್ನು ನಾವು ಹಾರಿಸಿಬಿಡುತ್ತೇವೆ.

ಅಧ್ಯಾಯ, ವಚನದ ಸಂಖ್ಯೆಗೆ ಮಗುವನ್ನು ಪೀಡಿಸಬೇಡಿ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಹಾಕಿದ್ದು ಮುದ್ರಕ ರಾಬರ್ಟ್ ಎಸ್ಟಿಯೆನ್, ಅದೂ 1551ರಲ್ಲಿ. ಅಲ್ಲಿಯತನಕ ಜನ ಸಂಖ್ಯೆ ಇಲ್ಲದೆಯೇ ನೆನಪಿಟ್ಟಿದ್ದರು.

ಗುಂಡಿ ಒತ್ತಿದರೆ ವಚನ ಹೇಳುವ ಪ್ಲಾಸ್ಟಿಕ್ ಪುಸ್ತಕ ದುಡ್ಡು ದಂಡ. ಎರಡನೇ ದಿನದಿಂದ ಮಗು ಗುಂಡಿ ಮಾತ್ರ ಒತ್ತುತ್ತದೆ. ಬಣ್ಣದ ಸ್ಟಿಕ್ಕರ್ ನಮ್ಮ ಮಳೆಗಾಲದ ಥಂಡಿಗೆ ಗೋಡೆಯಿಂದ ಕಳಚಿ ಬೀಳುತ್ತದೆ. ಹಳೇ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆಯಿರಿ, ತೇವಕ್ಕೆ ಹರಡುವುದಿಲ್ಲ. ವಚನಕ್ಕೊಂದು ಚಾಕಲೇಟ್ ಕೊಡುವ ಉಪಾಯವನ್ನೂ ನಾನು ಮಾಡಿ ನೋಡಿದ್ದೇನೆ. ಮೂರನೇ ವಾರ ಮಗಳು, "ಉದ್ದ ವಚನಕ್ಕೆ ಎರಡು" ಎಂದಳು.

ಇಷ್ಟನ್ನು ಯಾರಾದರೂ ಮಾಡಿಯಾರು. ಎಲ್ಲರೂ ಮುಗ್ಗರಿಸುವುದು ವಚನವನ್ನು ಬೆತ್ತ ಮಾಡಿಕೊಂಡಾಗ. ಒಂದು ಜುಲೈ ಸಂಜೆ ಸ್ಕೂಟರಿನಲ್ಲಿ ಪೂರ್ತಿ ನೆನೆದು ಮನೆಗೆ ಬಂದೆ. ಬ್ಯಾಂಕ್ ಪಾಸ್‌ಬುಕ್ಕಿನ ಮೇಲೆ ಮಗಳು ಕ್ರೇಯಾನಿನಲ್ಲಿ ದೋಣಿ ಬರೆದಿದ್ದಳು. ಕೂಗಾಡಿದೆ. ಅದು ಸಾಲದೆಂದು, "ತಂದೆತಾಯಿ ಮಾತು ಕೇಳಬೇಕು ಅಂತ ಎಫೆಸ 6:1ರಲ್ಲಿ ಕಲ್ತಿಲ್ವಾ?" ಎಂದೆ. ಮುಂದಿನ ಭಾನುವಾರ ಎಲ್ಲ ಮಕ್ಕಳೂ ಆ ವಚನ ಒಪ್ಪಿಸಿದರು. ಇವಳು ಮಾತ್ರ ಬಾಯಿ ಬಿಡಲಿಲ್ಲ.

ಹಾಗಾದಾಗ ಮಾಡಬೇಕಾದ್ದು ಇಷ್ಟು. ನೆಲದ ಮೇಲೆ ಕೂತುಕೊಳ್ಳಿ, ನಿಮ್ಮ ಕಣ್ಣು ಮಗುವಿನ ಕಣ್ಣಿನ ಮಟ್ಟಕ್ಕೆ ಬರಲಿ. ಏನು ಮಾಡಿದಿರೋ ಅದನ್ನೇ ಹೇಳಿ: "ಕೂಗಾಡಿದೆ, ತಪ್ಪಾಯ್ತು." ಅಲ್ಲಿಗೆ ನಿಲ್ಲಿಸಿ. "ಆದ್ರೆ ನೀನೂ..." ಎಂದಿರೋ, ಕೇಳಿದ ಕ್ಷಮೆ ನೀರುಪಾಲು. ಅದರ ಹಿಂದೆಯೇ ಉದ್ದದ ಪ್ರಾರ್ಥನೆ ಬೇಡ, ಅದರೊಳಗೆ ಉಪದೇಶ ನುಸುಳುತ್ತದೆ. ಮಗು ತಕ್ಷಣ "ಪರವಾಗಿಲ್ಲ" ಎನ್ನಲಿ ಎಂದು ಕಾಯಲೂ ಬೇಡಿ. ಪಾಸ್‌ಬುಕ್ಕಿನ ಮಾತು ನಾಳೆಗಿರಲಿ.

ಆಮೇಲೆ ಎಫೆಸ 6:4 ತೆಗೆಯಿರಿ. ಮಕ್ಕಳನ್ನು ಕೆರಳಿಸಬೇಡಿ ಎಂದು ತಂದೆಗಳಿಗೇ ಹೇಳಿದ ವಚನ, ಅದೇ ಪುಟದಲ್ಲಿದೆ. ಅದನ್ನು ಮಗುವಿನ ಮುಂದೆ ನೀವು ಕಲಿಯಿರಿ. ನಮ್ಮ ಮನೆಯಲ್ಲಿ ಈಗ ಶನಿವಾರ ರಾತ್ರಿ ಗಂಜಿ ಊಟ ಆದ ಮೇಲೆ ನಾನು ಎದ್ದು ನಿಂತು ಒಪ್ಪಿಸಬೇಕು. ಮಗಳು ಸತ್ಯವೇದ ತೊಡೆಯ ಮೇಲಿಟ್ಟುಕೊಂಡು, ಇನ್ನೂ ಸರಿಯಾಗಿ ಓದಲು ಬರದಿದ್ದರೂ, ಸಾಲಿನ ಕೆಳಗೆ ಬೆರಳು ಓಡಿಸುತ್ತಾಳೆ. ಮಧ್ಯದಲ್ಲಿ ನಾನು ತಡವರಿಸುತ್ತೇನೆ.

"ಪಪ್ಪಾ, ಮತ್ತೆ ಮೊದಲಿಂದ."