ಫಿಸಿಯೋಥೆರಪಿಸ್ಟ್ ಆಗಬೇಕೇ? ಪಿಯುಸಿಯಿಂದಲೇ ತಯಾರಿ ಹೀಗಿರಲಿ

ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಸಕಲೇಶಪುರ, ಮೂಡಿಗೆರೆ ಕಡೆ ಸೊಂಟ ನೋವು, ಭುಜ ನೋವು ಎನ್ನುವವರೇ ಜಾಸ್ತಿ. ಬಹಳ ಜನ ಮಾತ್ರೆ ನುಂಗಿ ಸುಮ್ಮನಾಗುತ್ತಾರೆ. ಇವರಿಗೆ ಬೇಕಾದ್ದು ಫಿಸಿಯೋಥೆರಪಿ, ಅಂದರೆ ವ್ಯಾಯಾಮದಂಥ ವಿಧಾನಗಳಿಂದ ಕೊಡುವ ಚಿಕಿತ್ಸೆ. ಅದನ್ನು ಹಾಸನ, ಚಿಕ್ಕಮಗಳೂರಿನ ಮಕ್ಕಳೇ ಕಲಿತು ಬಂದರೆ ಎಷ್ಟು ಚೆನ್ನ ಅಲ್ವಾ?

ಮೊದಲು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಇರಬೇಕು. ಭೌತಶಾಸ್ತ್ರ ಪಾಸಾದರೆ ಸಾಕು ಎಂದು ಬಿಡಬೇಡಿ. ತುಂಬಿದ ಕೊಡವನ್ನು ಮೈಗೆ ಒತ್ತಿ ಹಿಡಿದರೆ ಸೊಂಟಕ್ಕೆ ಕಷ್ಟವಿಲ್ಲ, ಕೈಚಾಚಿ ಹಿಡಿದರೆ ಯಾಕೆ ನೋಯುತ್ತದೆ? ಸನ್ನೆಕೋಲಿನ ಪಾಠ ಅರ್ಥವಾದವರಿಗೆ ಉತ್ತರ ತಕ್ಷಣ ಹೊಳೆಯುತ್ತದೆ.

ಕೋರ್ಸಿನ ಹೆಸರು ಬಿಪಿಟಿ, ಅಂದರೆ ಬ್ಯಾಚುಲರ್ ಆಫ್ ಫಿಸಿಯೋಥೆರಪಿ. ರಾಜ್ಯದ ಬಹುತೇಕ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ ಇದ್ದ ಓದು ಹೊಸ ಪಠ್ಯಕ್ರಮದಲ್ಲಿ 5 ವರ್ಷ. ಫಿಸಿಯೋಥೆರಪಿಯಂಥ ಆರೋಗ್ಯ ವೃತ್ತಿಗಳಿಗೆ 2021ರ ಕೇಂದ್ರ ಕಾಯ್ದೆ ಬಂದ ಮೇಲೆ ನಿಯಮಗಳು ಬದಲಾಗುತ್ತಿವೆ. ಹಾಗಾಗಿ ಅಣ್ಣ, ಅಕ್ಕ ಹೇಳಿದ ಹಳೇ ಮಾತು ನಂಬಬೇಡಿ. ನೀಟ್ ಬೇಕೇ, ಅಂಕ ಎಷ್ಟಿರಬೇಕು ಎಂಬುದನ್ನು ಆ ವರ್ಷದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪ್ರಕಟಣೆಯಲ್ಲೇ ಓದಿ. ಶುಲ್ಕ ಕಟ್ಟುವ ಮುಂಚೆ ಕಾಲೇಜಿಗೆ ಮಾನ್ಯತೆ ಇದೆಯೇ, ಸ್ವಂತ ಆಸ್ಪತ್ರೆ ಇದೆಯೇ ಎಂದು ವಿಚಾರಿಸಿ. ರೋಗಿಗಳನ್ನೇ ನೋಡದೆ ಈ ವಿದ್ಯೆ ಕೈಗೆ ಬರುವುದಿಲ್ಲ.

ಅರ್ಜಿ ಹಾಕುವ ಮುಂಚೆಯೇ ಒಂದು ಕೆಲಸ ಮಾಡಿ. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಅನುಮತಿ ಕೇಳಿ, ಫಿಸಿಯೋಥೆರಪಿ ವಿಭಾಗದಲ್ಲಿ ಕೆಲವು ದಿನ ಕುಳಿತು ನೋಡಿ. ಸ್ಟ್ರೋಕ್ ಆದವರು ಕುರ್ಚಿಯಿಂದ ಹೇಗೆ ಏಳುತ್ತಾರೆ? ಯಾವ ಕಾಲಿಗೆ ಭಾರ ಹಾಕುತ್ತಾರೆ? ಸ್ನಾಯುವಿನ ಶಕ್ತಿಯನ್ನು 0ಯಿಂದ 5ರವರೆಗೆ ಅಳೆಯುತ್ತಾರೆ. ಭೂಮಿಯ ಸೆಳೆತದ ವಿರುದ್ಧ ಕೈಯನ್ನು ಪೂರ್ತಿ ಎತ್ತಿದರೆ 3. ನಿನ್ನೆ 2 ಇದ್ದ ಕೈ ಇವತ್ತು 3ಕ್ಕೆ ಬಂದರೆ ಆ ಕೋಣೆಯಲ್ಲಿ ಎಲ್ಲರ ಮುಖವೂ ಅರಳುತ್ತದೆ. ಅದನ್ನು ನೋಡಿ ನಿಮಗೂ ಖುಷಿಯಾದರೆ ಧೈರ್ಯವಾಗಿ ಸೇರಿ.

ಮೊದಲ ವರ್ಷ ಅಂಗರಚನೆಯೇ ದೊಡ್ಡ ಪರೀಕ್ಷೆ. ಪ್ರತಿ ಸ್ನಾಯು ಎಲ್ಲಿ ಹುಟ್ಟುತ್ತದೆ, ಎಲ್ಲಿ ಅಂಟುತ್ತದೆ, ಯಾವ ನರ ಅದನ್ನು ನಡೆಸುತ್ತದೆ ಎಂದು ಗೊತ್ತಿರಬೇಕು. ಸುಮ್ನೆ ಉರು ಹೊಡೆಯಬೇಡಿ. ಗೆಳೆಯರ ತೋಳಿನ ಮೇಲೆ ಮುಟ್ಟಿ ಗುರುತಿಸಿ. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಪದಗಳು ಆರಂಭದಲ್ಲಿ ಭಾರ ಅನ್ನಿಸುತ್ತವೆ. ದಿನಕ್ಕೆ ಸ್ವಲ್ಪ ಬರೆದು ಕಲಿತರೆ ಹಿಡಿತಕ್ಕೆ ಬರುತ್ತವೆ.

ಮಾತನ್ನೂ ಕಲಿಯಬೇಕು. ಮಂಡಿ ಆಪರೇಷನ್ ಆದವರಿಗೆ ವ್ಯಾಯಾಮ ತೋರಿಸಿದರೆ ಸಾಲದು. "ಅಜ್ಜಿ, ಮನೇಲಿ ಕಮೋಡ್ ಇದೆಯಾ? ನೆಲದ ಮೇಲೆ ಕೂತು ಊಟ ಮಾಡ್ತೀರಾ?" ಎಂದು ಕೇಳಬೇಕು. ಮನೆಯಲ್ಲಿ ಅವರು ವ್ಯಾಯಾಮ ಬಿಟ್ಟರೆ ಮಂಡಿ ಮತ್ತೆ ಬಿಗಿಯುತ್ತದೆ.

ಬಿಪಿಟಿ ಮುಗಿದ ಮೇಲೆ 2 ವರ್ಷದ ಸ್ನಾತಕೋತ್ತರ ಕೋರ್ಸ್ ಎಂಪಿಟಿ ಇದೆ. ಮೂಳೆ, ನರ, ಹೃದಯ–ಶ್ವಾಸಕೋಶ, ಕ್ರೀಡೆ ಹೀಗೆ ವಿಭಾಗ ಆರಿಸಬಹುದು. ಸ್ವಲ್ಪ ದಿನ ಆಸ್ಪತ್ರೆಯಲ್ಲಿ ದುಡಿದು, ಎಲ್ಲ ಬಗೆಯ ರೋಗಿಗಳನ್ನು ನೋಡಿದ ಮೇಲೆ ಆರಿಸುವುದು ಒಳ್ಳೆಯದು.