ಎರಡು ತಪ್ಪು ಕೂಡಿ ಸರಿಯಾದ ಲೆಕ್ಕ

ಧಾರವಾಡದ ಜಿಟಿಜಿಟಿ ಮಳೆ ಒಮ್ಮೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಅಂಥ ಒಂದು ಆಷಾಢದಲ್ಲಿ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಕುಳಿತು ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕ ಹರಳಿನ ಕ್ವಾಂಟಮ್ ಪ್ಲಾಸ್ಮಾಕ್ಕೆ, ಅಂದರೆ ಅದರೊಳಗೆ ಕ್ವಾಂಟಮ್ ನಿಯಮಗಳಂತೆ ನಡೆಯುವ ವಿದ್ಯುದಾವೇಶಗಳ ಗುಂಪಿನ ಲೆಕ್ಕಕ್ಕೆ, ಕೈಹಚ್ಚಿದೆ. ರಂಧ್ರಗಳ (ಎಲೆಕ್ಟ್ರಾನು ಇರಬೇಕಾದಲ್ಲಿ ಇಲ್ಲದ, ಧನಾವೇಶದಂತೆ ವರ್ತಿಸುವ ಖಾಲಿ ಜಾಗಗಳ) ನಡುವೆ ಎಲೆಕ್ಟ್ರಾನುಗಳು ಹರಿಯುವಾಗ ಸಣ್ಣದೊಂದು ಅಲೆ ತಾನಾಗಿಯೇ ಬೆಳೆಯುತ್ತದೆಯೋ ಅಡಗುತ್ತದೆಯೋ ಎಂಬುದು ಪ್ರಶ್ನೆ.

ಸಮೀಕರಣಗಳು ಅಷ್ಟೇನೂ ಕಾಡಲಿಲ್ಲ. ಫರ್ಮಿ ಒತ್ತಡ (ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನು ಇರಲಾಗದ್ದರಿಂದ ಬರುವ ಒತ್ತಡ), ಬೋಮ್ ವಿಭವ (ಎಲೆಕ್ಟ್ರಾನಿನ ಅಲೆಗುಣದಿಂದ ಬರುವ ಪದ) ಎರಡನ್ನೂ ಸೇರಿಸಿ ಸಣ್ಣ ಏರಿಳಿತಕ್ಕೆ ಇಳಿಸಿದರೆ ಆವರ್ತನದ ನಾಲ್ಕನೆಯ ಘಾತದ ಬಹುಪದಿಯೊಂದು ಉಳಿಯುತ್ತದೆ. ಅದರ ಮೂಲಗಳನ್ನು ಪೈಥಾನ್ ಕ್ಷಣದಲ್ಲಿ ಕೊಡುತ್ತದೆ. ಯಾವುದಾದರೂ ಮೂಲದ ಕಾಲ್ಪನಿಕ ಭಾಗ ಧನವಾಗಿದ್ದರೆ ಅಲೆ ಬೆಳೆಯುತ್ತದೆ. ನನ್ನ ಪರದೆಯ ಮೇಲೆ ಅದು ಭರದಿಂದ ಬೆಳೆಯಿತು. ಘನ ಸೆಂಟಿಮೀಟರಿಗೆ 10¹⁸ ಎಲೆಕ್ಟ್ರಾನುಗಳಿಗೆ ಪ್ಲಾಸ್ಮಾ ಆವರ್ತನ, ಅಂದರೆ ಅವು ಒಟ್ಟಾಗಿ ತೂಗಾಡುವ ಗತಿ, ಸೆಕೆಂಡಿಗೆ 5.6×10¹³ ರೇಡಿಯನ್ ಬಂದಿತ್ತು. ಬರಬೇಕಾದದ್ದು 6.1×10¹³. ಹತ್ತಿರವೇ ಇದೆಯಲ್ಲ ಎಂದು ಸುಮ್ಮನಾದೆ.

ಮಾರ್ಗದರ್ಶಕರು ಹಾಳೆ ತಿರುವಿ, "ಯಾರ ದ್ರವ್ಯರಾಶಿ ಹಾಕಿದ್ದೀ ತಂಗಿ?" ಎಂದು ಕೇಳಿದರು.

ಹಾಕಿದ್ದು ನಿರ್ವಾತದಲ್ಲಿನ ಎಲೆಕ್ಟ್ರಾನಿನದು. ಈ ಹರಳಿನೊಳಗೆ ಎಲೆಕ್ಟ್ರಾನು ಅದರ 0.067 ಪಾಲು ತೂಗುವಂತೆ ವರ್ತಿಸುತ್ತದೆ. ಹರಳು ವಿದ್ಯುತ್ ಬಲವನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆಂದು ಹೇಳುವ ಡೈಎಲೆಕ್ಟ್ರಿಕ್ ಸ್ಥಿರಾಂಕ 12.9, ಅದನ್ನೂ ಮರೆತಿದ್ದೆ. ಇವೆರಡರ ಗುಣಲಬ್ಧ 0.86, ಹೆಚ್ಚುಕಡಿಮೆ ಒಂದು. ಪ್ಲಾಸ್ಮಾ ಆವರ್ತನದಲ್ಲಿ ಈ ಗುಣಲಬ್ಧವೇ ಬರುವುದರಿಂದ ಒಂದು ತಪ್ಪು ಇನ್ನೊಂದನ್ನು ನುಂಗಿಹಾಕಿತ್ತು! ಇಂಥ ಕಾಕತಾಳೀಯ ನನಗೇ ಸಿಗಬೇಕೇ.

ಫರ್ಮಿ ವೇಗಕ್ಕೆ, ಅಂದರೆ ಅತಿ ತಂಪಿನಲ್ಲೂ ಎಲೆಕ್ಟ್ರಾನುಗಳಿಗೆ ಉಳಿಯುವ ಅತಿ ಹೆಚ್ಚಿನ ಸಹಜ ವೇಗಕ್ಕೆ, ಈ ರಿಯಾಯಿತಿ ಇಲ್ಲ. ಅಲ್ಲಿ ದ್ರವ್ಯರಾಶಿಯ ಮಾತು ಮಾತ್ರ ನಡೆಯುತ್ತದೆ. ಸೆಕೆಂಡಿಗೆ 36 ಸಾವಿರ ಮೀಟರ್ ಎಂದುಕೊಂಡಿದ್ದದ್ದು 5.3 ಲಕ್ಷಕ್ಕೆ ಏರಿತು. ಬೋಮ್ ಪದ 223 ಪಟ್ಟು ಹಿಗ್ಗಿತು. ನಾನು ಕೊಟ್ಟಿದ್ದ ಹರಿವಿನ ವೇಗ 2 ಲಕ್ಷ. ಈ ಹರಳಿನಲ್ಲಿ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನುಗಳನ್ನು ಓಡಿಸಬಲ್ಲ ಗರಿಷ್ಠವೂ ಸುಮಾರು ಅಷ್ಟೇ. ಹರಿವು ಸುಮಾರು ಫರ್ಮಿ ವೇಗದಷ್ಟಾದರೂ ಇದ್ದರೆ ಮಾತ್ರ ಅಲೆ ಬೆಳೆಯುತ್ತದೆ. ತಪ್ಪು ಲೆಕ್ಕದಲ್ಲಿ ಹರಿವು ಫರ್ಮಿ ವೇಗವನ್ನು ಸಲೀಸಾಗಿ ಮೀರಿತ್ತು, ಸರಿಯಾದ ಲೆಕ್ಕದಲ್ಲಿ ಅದರ ಅರ್ಧಕ್ಕೂ ಮುಟ್ಟಲಿಲ್ಲ. ನಾಲ್ಕೂ ಮೂಲಗಳು ವಾಸ್ತವ ಸಂಖ್ಯೆಗಳಾದವು. ಮೂರು ವಾರದ ಅಸ್ಥಿರತೆ ಒಂದು ಸಂಜೆಗೆ ಕರಗಿತು. ಅಂದು ಗಿರಮಿಟ್ಟೂ ರುಚಿಸಲಿಲ್ಲ.

ಮರುದಿನ ಸಾಂದ್ರತೆಯನ್ನು 10¹⁶ಕ್ಕೆ ಇಳಿಸಿದೆ. ಫರ್ಮಿ ವೇಗ 1.15 ಲಕ್ಷಕ್ಕೆ ಬಂದು ಅಲೆ ಮತ್ತೆ ತಲೆಯೆತ್ತಿತು. ಆದರೆ ಅಷ್ಟು ವಿರಳವಾದರೆ ಫರ್ಮಿ ತಾಪಮಾನ, ಅಂದರೆ ಕ್ವಾಂಟಮ್ ವರ್ತನೆ ಮಸುಕಾಗುವ ಮಿತಿ, 29 ಕೆಲ್ವಿನ್. ಕ್ವಾಂಟಮ್ ಮಾದರಿ ನಿಲ್ಲಬೇಕೆಂದರೆ ದ್ರವ ಹೀಲಿಯಂನ ತಂಪು ಬೇಕು. ಹರಳಿನ ಕಲ್ಮಶಗಳೊಂದಿಗಿನ ಡಿಕ್ಕಿಗಳನ್ನು ಇನ್ನೂ ಸೇರಿಸಿಲ್ಲ. ಬೆಳವಣಿಗೆಯ ದರ ಅವುಗಳ ಮುಂದೆ ಉಳಿಯುತ್ತದೆಯೇ ಎಂದು ಈಗ ಲೆಕ್ಕ ಹಾಕುತ್ತಿದ್ದೇನೆ.