ಟೈರು ಒಂದೇ ಕಡೆ ಸವೆಯುತ್ತಿದ್ದಾಗ ನಾನು ಮಾಡಿದ್ದು

ನಮ್ಮ ಕಾರಿನ ಮುಂದಿನ ಎಡ ಟೈರು 20 ಸಾವಿರ ಕಿ.ಮೀ. ತುಂಬುವ ಮೊದಲೇ ಒಳಗಡೆ ಅಂಚಿನಲ್ಲಿ ಬೋಳಾಗಿತ್ತು. ಹೊರಗಿನಿಂದ ನೋಡಿದರೆ ಬಟನ್ (ಟೈರಿನ ಮೇಲ್ಮೈಯ ಉಬ್ಬು ಅಚ್ಚು) ಚೆನ್ನಾಗೇ ಇತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಬಗ್ಗಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿದಾಗಲೇ ಗೊತ್ತಾಗಿದ್ದು.

ಟೈರ್ ಅಂಗಡಿಯಲ್ಲಿ ಹೇಳಿದ್ದು ಒಂದೇ ಮಾತು, ಮುಂದಿನ ಎರಡೂ ಬದಲಾಯಿಸಿ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಹೊಂದಿಸುವುದು) ಮಾಡಿಸಿ. ನಾನು ತಕ್ಷಣ ಒಪ್ಪಲಿಲ್ಲ. ಅಲೈನ್‌ಮೆಂಟ್ ಆಗಿ ಕೆಲವೇ ತಿಂಗಳಾಗಿತ್ತು. ಆದರೂ ಸವೆದಿದೆ ಅಂದರೆ ಕಾರಣ ಬೇರೆಲ್ಲೋ ಇದೆ, ಅದನ್ನು ಹುಡುಕದೆ ಹೊಸದು ಹಾಕಿದರೆ ಅದೂ ಹಾಗೇ ಹೋಗುತ್ತದೆ ಅಲ್ವಾ?

ಮೊದಲು ಸವೆತದ ಗುರುತು ನೋಡಿದೆ. ಗಾಳಿ ಕಮ್ಮಿ ಇದ್ದರೆ ಎರಡೂ ಅಂಚು ಸವೆಯುತ್ತವೆ, ಜಾಸ್ತಿ ಇದ್ದರೆ ನಡುಭಾಗ. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ಮೇಲೆ ಅನುಮಾನ. ನಮ್ಮದರಲ್ಲಿ ಒಳ ಅಂಚು ಮಾತ್ರ. ಟೈರಿನೊಳಗಿನ ತಂತಿ ಹೊರಗೆ ಬಂದಿಲ್ಲ ಅಂತ ಖಾತ್ರಿ ಮಾಡಿಕೊಂಡು ಬಟನ್ ಮೇಲೆ ಅಡ್ಡಡ್ಡ ಕೈ ಸವರಿದೆ. ಒಂದು ಕಡೆಗೆ ನಯವಾಗಿತ್ತು, ವಾಪಸ್ ಎಳೆದರೆ ಗರಗಸದ ಹಲ್ಲಿನಂತೆ ತಾಗುತ್ತಿತ್ತು. ಇದು ಟೋ ತಪ್ಪಿದ ಲಕ್ಷಣ. ಅಂದರೆ ಚಕ್ರ ನೇರವಾಗಿ ಉರುಳದೆ, ಸ್ವಲ್ಪ ಹೊರಕ್ಕೆ ಮುಖ ಮಾಡಿಕೊಂಡು ರಸ್ತೆಯನ್ನು ಉಜ್ಜುತ್ತಾ ಹೋಗುತ್ತಿದೆ.

ಸರಿ ಮಾಡಿಸಿದ ಟೋ ಯಾಕೆ ನಿಲ್ಲುತ್ತಿಲ್ಲ? ಪರಿಚಯದ ಮೆಕ್ಯಾನಿಕ್ ಹತ್ತಿರ ಹೋಗಿ, ಅಲೈನ್‌ಮೆಂಟ್ ಬೇಡ, ಮೊದಲು ಕೆಳಗಿನ ಭಾಗ ಚೆಕ್ ಮಾಡಿ ಅಂದೆ. ಗಾಡಿ ಎತ್ತಿ ಚಕ್ರದ ಎಡಬಲ ಹಿಡಿದು ಅಲ್ಲಾಡಿಸಿದರು, ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಗಟ್ಟಿ ಇತ್ತು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು, ಬಾಲ್ ಜಾಯಿಂಟ್, ಬೇರಿಂಗ್‌ನಲ್ಲೂ ಸಡಿಲ ಇರಲಿಲ್ಲ. ಕೊನೆಗೆ ಲೋವರ್ ಆರ್ಮ್‌ಗೆ (ಚಕ್ರವನ್ನು ಕೆಳಗಿನಿಂದ ಗಾಡಿಯ ಚೌಕಟ್ಟಿಗೆ ಹಿಡಿದಿಡುವ ತೋಳು) ಕಬ್ಬಿಣದ ರಾಡ್ ಕೊಟ್ಟು ಮೀಟಿದಾಗ, ಅದು ಚೌಕಟ್ಟಿಗೆ ಸೇರುವಲ್ಲಿನ ಹಿಂದಿನ ಬುಷ್‌ನ ರಬ್ಬರ್ ಹರಿದು ಬಾಯಿ ಬಿಟ್ಟಿದ್ದು ಕಂಡಿತು.

ಅಲೈನ್‌ಮೆಂಟ್ ಯಂತ್ರ ಗಾಡಿ ನಿಂತಾಗ ಅಳೆಯುತ್ತದೆ. ನಿಂತಾಗ ಎಲ್ಲ ಸರಿಯಾಗೇ ಇರುತ್ತದೆ. ನಾವು ಆಗಾಗ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುವವರು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಆ ಹರಿದ ಬುಷ್‌ನಿಂದ ಆರ್ಮ್ ಹಿಂದಕ್ಕೆ ಸರಿಯುತ್ತದೆ, ಚಕ್ರದ ಕೋನ ಬದಲಾಗುತ್ತದೆ. ಬ್ರೇಕ್ ಹಾಕಿದಾಗ ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿದ್ದುದಕ್ಕೂ ಇದೇ ಕಾರಣ.

ಎರಡೂ ಕಡೆಯ ಬುಷ್ ಹಾಕಿಸಿದೆ. ಅದರಲ್ಲಿ ಒಂದು ಮುಖ್ಯ ವಿಷಯ: ಬುಷ್‌ನ ಬೋಲ್ಟನ್ನು ಚಕ್ರ ನೆಲದ ಮೇಲಿದ್ದು ಗಾಡಿಯ ಭಾರ ಬಿದ್ದಾಗಲೇ ಕೊನೆಯ ಟೈಟ್ ಮಾಡಬೇಕು. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಇದನ್ನು ಎದುರಿಗೆ ನಿಂತೇ ಮಾಡಿಸಿದೆ. ಆಮೇಲೆ ಅಲೈನ್‌ಮೆಂಟ್, ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ ಪಡೆದೆ. ಕೇಳದಿದ್ದರೆ ಎಷ್ಟೋ ಕಡೆ ಕೊಡುವುದೇ ಇಲ್ಲ. ನಮ್ಮಂಥ ಎಷ್ಟೋ ಸಣ್ಣ ಕಾರುಗಳಲ್ಲಿ ಮುಂದೆ ಟೋ ಮಾತ್ರ ಹೊಂದಿಸಲು ಬರುತ್ತದೆ, ಕ್ಯಾಂಬರ್‌ಗೆ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಕಂಪನಿಯವರೇ ಅವಕಾಶ ಇಟ್ಟಿರುವುದಿಲ್ಲ. ಹಾಗಾಗಿ ಕ್ಯಾಂಬರ್ ಸರಿ ಮಾಡುತ್ತೇವೆ ಅಂತ ದುಡ್ಡು ಕೇಳಿದರೆ, ಹೇಗೆ ಮಾಡುತ್ತೀರಿ ಅಂತ ಕೇಳಿ.

ಗಾಳಿಯನ್ನು ಈಗ ಬೆಳಗ್ಗೆ ಗಾಡಿ ತಣ್ಣಗಿರುವಾಗ ನೋಡುತ್ತೇನೆ, ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಇರುವಷ್ಟೇ. ಟೈರ್ ಮೇಲೆ ಬರೆದಿರುವುದು ಗರಿಷ್ಠ ಒತ್ತಡ, ಅಷ್ಟು ತುಂಬಿಸಬಾರದು.

ಒಳ ಅಂಚಿನ ಬಟನ್‌ನ ಆಳ ಕನಿಷ್ಠ ಮಿತಿಯಾದ 1.6 ಮಿ.ಮೀ.ಗಿಂತ ಕೆಳಗೆ ಹೋಗಿದ್ದರಿಂದ ಆ ಟೈರನ್ನು ಉಳಿಸಲು ಆಗಲಿಲ್ಲ. ಹೊಸದು ಎರಡು ತಂದೆ. ಅವನ್ನು ಹಿಂದೆ ಹಾಕಿಸಿ, ಹಿಂದಿದ್ದ ಒಳ್ಳೆಯ ಎರಡನ್ನು ಮುಂದೆ ತರಿಸಿದೆ. ಅಂಗಡಿಯವರು ಹೊಸದನ್ನು ಮುಂದೆ ಹಾಕಲು ಹೊರಟಿದ್ದರು. ಆದರೆ ಮಲೆನಾಡಿನ ಮಳೆಯಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ಗಿರ್ರನೆ ತಿರುಗಿಬಿಡುತ್ತದೆ, ಅದನ್ನು ಹಿಡಿಯುವುದು ಬಹಳ ಕಷ್ಟ.